ಚಿತ್ರದಲ್ಲಿ ನಡೆದುಹೋದ ಕಿಟಿಯೋನೆ

ಕಿಟಿಯೋನೆ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಅವನ ಹೆಂಡತಿ ಲೋಸೆಲಿ ಇನ್ನೂ ಕಪ್ಪು ಬಟ್ಟೆಯಲ್ಲೇ ಇದ್ದಳು. ದ್ವೀಪದ ರೂಢಿಯಂತೆ ಸೊಂಟಕ್ಕೆ ಸುತ್ತಿದ ಸೂತಕದ ಚಾಪೆಯ ಅಂಚು ಸವೆದು ನಾರುನಾರಾಗಿತ್ತು. ಮನೆಯ ಗೋಡೆಯ ಮೇಲೆ ಗಂಡನ ನಾಲ್ಕು ಫೋಟೋಗಳಿದ್ದವು. ನಾಲ್ಕರಲ್ಲೂ ಅವನು ಹಲಗೆ ನಿಲ್ಲಿಸಿದ ಹಾಗೆ ನಿಂತಿದ್ದ. ಅವನ ಮುಖ ಅವಳಿಗೆ ನೆನಪಿತ್ತು, ದನಿಯೂ ನೆನಪಿತ್ತು. ಆದರೆ ಗೆಣಸಿನ ತೋಟದಿಂದ ಮನೆಗೆ ಹೇಗೆ ನಡೆದು ಬರುತ್ತಿದ್ದನೆಂಬುದು ದಿನದಿನಕ್ಕೂ ಮನಸ್ಸಿನಿಂದ ಜಾರಿಹೋಗುತ್ತಿತ್ತು. ಪ್ರಾರ್ಥನೆಯಲ್ಲಿ ಅವಳು ಅದೊಂದನ್ನೇ ಬೇಡುತ್ತಿದ್ದಳು: ಸ್ವಾಮಿ, ಅವರು ನಡೆಯುವುದನ್ನು ಒಮ್ಮೆ ತೋರಿಸು.

ಆ ನಡಿಗೆ ಲೋಕದಲ್ಲಿ ಒಂದೇ ಕಡೆ ಉಳಿದಿತ್ತು. ನಾಲ್ಕು ವರ್ಷದ ಹಿಂದೆ ಹೊರದೇಶದವರು ಹಾಪೈ ದ್ವೀಪಕ್ಕೆ ಬಂದು ಸಿನಿಮಾ ತೆಗೆದಿದ್ದರು. ಸಂತೆಯಲ್ಲಿ ಗುಂಡು ಹಾರುವ ದೃಶ್ಯಕ್ಕೆ ಊರವರನ್ನೇ ನಿಲ್ಲಿಸಿದ್ದರು. ಕಿಟಿಯೋನೆಯೂ ಅವರಲ್ಲೊಬ್ಬ. ಅಂದಿನಿಂದ ಊಟಕ್ಕೆ ಕುಳಿತಾಗಲೆಲ್ಲ ಅದೇ ಮಾತು.

"ನೋಡ್ತಾ ಇರು ಲೋಸೆಲಿ, ನಾನಿಲ್ದೆ ಆ ಸಿನಿಮಾ ಓಡೋದೇ ಇಲ್ಲ. ಹೀರೋನೇ ಬಂದು ನನ್ನ ಹೆಗಲ ಮೇಲೆ ಕೈ ಹಾಕಿ, 'ಯಜಮಾನ್ರೇ, ಹೇಗೆ ಓಡ್ಲಿ?' ಅಂತ ಕೇಳಿದ."

ಸಿನಿಮಾ ಊರಿಗೆ ಬರುವ ಹೊತ್ತಿಗೆ ಯಜಮಾನರು ಮಣ್ಣಿನಲ್ಲಿದ್ದರು.

ಶನಿವಾರ ಮಧ್ಯಾಹ್ನ ಚರ್ಚಿನ ಸಭಾಮನೆಯಲ್ಲಿ ಅದನ್ನು ತೋರಿಸುವುದೆಂದಾಯಿತು. ಬೆಳಕು ಬಾರದಂತೆ ಕಿಟಕಿಗಳಿಗೆಲ್ಲ ಚಾಪೆ ಕಟ್ಟಿದರು. ಯಂತ್ರ ನಡೆಸುವುದು ಊರಿನಲ್ಲಿ ಬಲ್ಲವನು ಒಬ್ಬನೇ, ಚರ್ಚಿನ ಹಿರಿಯ ತಾನಿಯೆಲಾ. ಅವನು ಲೋಸೆಲಿಯ ಒಡಹುಟ್ಟಿದ ತಮ್ಮ.

"ಏನಿದೆಯಪ್ಪಾ ಇದರಲ್ಲಿ?" ಎಂದು ಪಾದ್ರಿಗಳು ಕೇಳಿದರು.

"ಗೂಢಚಾರರ ಕಥೆ ಸ್ವಾಮಿ. ಬಾಂಬು, ಬಂದೂಕು, ಸಮುದ್ರಕ್ಕೆ ಕಾರು ಬೀಳೋದು. ಬೇರೇನೂ ಇಲ್ಲ."

"ಹಾಗಾದ್ರೆ ಅಡ್ಡಿಯಿಲ್ಲ," ಎಂದು ಪಾದ್ರಿಗಳು ಪ್ರಾರ್ಥನೆ ಮಾಡಿಸಿ ಮುಂದಿನ ಬೆಂಚಿನಲ್ಲಿ ಕುಳಿತರು.

ತಾನಿಯೆಲಾ ನೋಡಿದ್ದು ಡಬ್ಬಿಯ ಮೇಲಿನ ಚಿತ್ರವನ್ನು ಮಾತ್ರ. ಹತ್ತು ನಿಮಿಷಕ್ಕೆಲ್ಲ ಹುಡುಗ ಗೂಢಚಾರನೂ ಹುಡುಗಿ ಗೂಢಚಾರಳೂ ಬಂದೂಕು ಕೆಳಗಿಟ್ಟು ಒಬ್ಬರನ್ನೊಬ್ಬರು ತಬ್ಬಿ ಮುದ್ದಿಡತೊಡಗಿದರು.

ಸಭಾಮನೆಯಲ್ಲಿ ಕೆಮ್ಮು ಎದ್ದಿತು. ಅಕ್ಕತಂಗಿಯರು ಇರುವ ಕಡೆ ಅಣ್ಣತಮ್ಮಂದಿರು ಇಂಥದನ್ನು ನೋಡುವಂತಿಲ್ಲ. ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳೂ ಆ ಲೆಕ್ಕಕ್ಕೇ ಬರುತ್ತಾರೆ. ಊರೆಲ್ಲ ಒಂದೇ ಬಳ್ಳಿಯದು. ಗಂಡಸರು ದಬದಬನೆ ಎದ್ದು ಹೊರಗೋಡಿದರು. ಎಲ್ಲರಿಗಿಂತ ಮುಂದೆ ತಾನಿಯೆಲಾ. ಒಳಗೆ ಉಳಿದ ಹೆಂಗಸರು ತಲೆ ತಗ್ಗಿಸಿ ನೆಲ ನೋಡಿದರು. ಗುಂಡಿನ ಸದ್ದು ಕೇಳಿದ ಮೇಲೆ ಗಂಡಸರು ಮೆಲ್ಲಗೆ ಒಳಗೆ ಬಂದು ಕುಳಿತರು. ಕುಳಿತು ಬೆಂಚು ಬೆಚ್ಚಗಾಗುವುದರೊಳಗೆ ಮತ್ತೆ ಅದೇ.

ಬಾಂಬು ಟಿಕ್ ಟಿಕ್ ಎನ್ನುತ್ತಿದ್ದರೂ ಆ ಗೂಢಚಾರರಿಗೆ ಅದೇ ಚಿಂತೆ. ವೈರಿಗಳು ಬಾಗಿಲು ಒಡೆಯುತ್ತಿದ್ದರೂ ಅದೇ ಚಿಂತೆ. ನಗಿಸಲೆಂದು ಇಟ್ಟ ಮಾತಿಗೆ ಯಾರೂ ನಗಲಿಲ್ಲ. ನಾಲ್ಕನೆಯ ಸಲಕ್ಕೆ ಗಂಡಸರು ಕೂರುವುದನ್ನೇ ಬಿಟ್ಟು ಬಾಗಿಲ ಬಳಿ ನಿಂತರು.

"ಮೊದ್ಲು ಬಾಂಬಿನ ತಂತಿ ಕತ್ತರಿಸೋ ಮಾರಾಯಾ, ಆಮೇಲೆ ಏನಾದ್ರೂ ಮಾಡ್ಕೋ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಊರಿನಲ್ಲಿ ನೆಟ್ಟಗೆ ಕುಳಿತು ನೋಡುತ್ತಿದ್ದವಳು ತಾನಿಯೆಲಾನ ಹೆಂಡತಿ ಫೂಸಿ ಒಬ್ಬಳೇ. ಅವಳು ಬೇರೆ ದ್ವೀಪದವಳು. ಅವಳ ಅಣ್ಣತಮ್ಮಂದಿರು ಯಾರೂ ಅಲ್ಲಿರಲಿಲ್ಲ. ಐದನೆಯ ಮುದ್ದಾಟ ಶುರುವಾಗಿ, ಗಂಡಸರು ಓಡಿ, ಲೋಸೆಲಿಯೂ ತಲೆ ತಗ್ಗಿಸಿದ್ದಾಗ ಫೂಸಿ ಕಿರುಚಿದಳು.

"ಅತ್ತಿಗೇ! ಭಾವ! ಅಲ್ಲಿ ಭಾವ!"

ಲೋಸೆಲಿ ತಲೆ ಎತ್ತುವಷ್ಟರಲ್ಲಿ ಪರದೆಯ ಮೇಲೆ ಸಮುದ್ರವಿತ್ತು, ಸಮುದ್ರಕ್ಕೆ ಬೀಳುತ್ತಿರುವ ಕಾರಿತ್ತು.

"ಎಲ್ಲಿ? ಎಲ್ಲಿ ಫೂಸಿ?"

"ಆಗೋಯ್ತು ಅತ್ತಿಗೆ. ಅವರಿಬ್ಬರ ಹಿಂದೆನೇ ಇದ್ರು, ಬಲಗಡೆ. ನಡ್ಕೊಂಡು ಹೋದ್ರು."

ನಡೆದುಕೊಂಡು ಹೋದರು! ಲೋಸೆಲಿ ಹನ್ನೊಂದು ತಿಂಗಳು ಕಾದದ್ದು ನೆಲ ನೋಡುತ್ತ ಕಳೆದುಹೋಗಿತ್ತು.

"ಹಿಂದಕ್ಕೆ ತಿರುಗಿಸು ಅಂತ ನಿನ್ನ ಗಂಡನಿಗೆ ಹೇಳು," ಎಂದಳು.

ಇಂಥ ವಿಷಯದಲ್ಲಿ ಅಕ್ಕ ತಮ್ಮ ನೇರವಾಗಿ ಮಾತಾಡುವುದುಂಟೆ? ಫೂಸಿ ಬಾಗಿಲಿಗೆ ಹೋಗಿ ಕೂಗಿದಳು. ತಾನಿಯೆಲಾ ಒಳಗೆ ಬಂದು ಯಂತ್ರ ನಿಲ್ಲಿಸಿ ಬೆವರು ಒರೆಸಿಕೊಂಡ.

"ಅದೇ ದೃಶ್ಯಾನ? ಅಕ್ಕನ ಎದುರಿಗೆ ನಾನೇ ಕೈಯಾರೆ ಅದನ್ನ ಹಾಕೋದಾ? ನನ್ನ ಅಪ್ಪ ಗೋರಿಯಿಂದ ಎದ್ದು ಬರ್ತಾನೆ."

"ಹಾಕಿ ಹೊರಗೆ ಹೋಗಿ."

"ಅಕ್ಕ ತಲೆ ಎತ್ತಿ ನೋಡ್ತಾಳೆ ಅಂತ ಗೊತ್ತಿದ್ದು ಹಾಕೋದೇ ತಪ್ಪಲ್ವೇನೇ!"

ಲೋಸೆಲಿ ಚಾಪೆಯ ನಾರನ್ನು ಬೆರಳಿಗೆ ಸುತ್ತುತ್ತ, ಖಾಲಿ ಬಿದ್ದ ಪರದೆಯನ್ನೇ ನೋಡುತ್ತ ಕುಳಿತಳು. ತಾನಿಯೆಲಾ ಅವಳ ಬೆನ್ನು ನೋಡಿದ. ಪಾದ್ರಿಗಳ ಮುಖ ನೋಡಿದ. ಪಾದ್ರಿಗಳು ತಮ್ಮ ಮಗ್ಗುಲಲ್ಲಿದ್ದ ದಪ್ಪ ಕೀರ್ತನೆಯ ಪುಸ್ತಕವನ್ನು ಅವನ ಕೈಗಿಟ್ಟರು.

ತಾನಿಯೆಲಾ ದೃಶ್ಯವನ್ನು ಹಿಂದಕ್ಕೆ ತಿರುಗಿಸಿದ. ತಾನು ಪರದೆಗೆ ಬೆನ್ನು ಮಾಡಿ, ಕಣ್ಣು ಮುಚ್ಚಿ, ಯಂತ್ರದ ಬೆಳಕಿಗೆ ಪುಸ್ತಕ ಅಡ್ಡ ಹಿಡಿದ. ಪರದೆ ಪೂರ್ತಿ ಕಪ್ಪಾಯಿತು.

"ಆಚೆಗೆ!" ಎಂದು ಊರೇ ಕೂಗಿತು. "ಇನ್ನೂ ಆಚೆಗೆ! ಅಯ್ಯೋ, ಅಷ್ಟಲ್ಲ, ಅವಳ ಮೂತಿ ಕಾಣ್ತಿದೆ! ಸ್ವಲ್ಪ ಈಚೆಗೆ! ಹಾಂ, ಅಲ್ಲೇ ಹಿಡಿ!"

ಎಡಗಡೆ ಕತ್ತಲು. ಬಲಗಡೆ ಸಂತೆ. ಜನ ಚೆಲ್ಲಾಪಿಲ್ಲಿ ಓಡುತ್ತಿದ್ದರು, ಕಲ್ಲಂಗಡಿಗಳು ಉರುಳುತ್ತಿದ್ದವು. ಆ ಗದ್ದಲದ ನಡುವೆ, ಓಡು ಎಂದರೂ ಓಡದ ಒಬ್ಬನೇ ಒಬ್ಬ ಮುದುಕ ಭಾನುವಾರದ ಅಂಗಿ ತೊಟ್ಟು ನಡೆದು ಬಂದ. ಎಡಗಾಲನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ ಇಡುತ್ತಿದ್ದ, ಕೆಸರನ್ನು ತಪ್ಪಿಸುವವನ ಹಾಗೆ. ಬಗ್ಗಿ ಒಂದು ಕಲ್ಲಂಗಡಿ ಎತ್ತಿಕೊಂಡ, ಅಂಗಿಯ ತುದಿಯಿಂದ ಒರೆಸಿದ, ಯಾರದೆಂದು ಸುತ್ತಲೂ ನೋಡಿದ, ಕಂಕುಳಲ್ಲಿಟ್ಟುಕೊಂಡು ಹೊರಟುಹೋದ.

ಸಭಾಮನೆ ಚಪ್ಪಾಳೆ ತಟ್ಟಿತು.

"ಹೀರೋ ಹೆಗಲ ಮೇಲೆ ಕೈ ಹಾಕಿದ್ನಂತೆ!" ಎಂದಳು ಲೋಸೆಲಿ. ಅವಳ ಕೆನ್ನೆ ಒದ್ದೆಯಾಗಿತ್ತು. "ಹೀರೋಗೆ ಅತ್ತ ಪುರುಸೊತ್ತೆಲ್ಲಿತ್ತು? ಸುಳ್ಳುಗಾರ! ಕಾಲು ನೋಡು, ಆ ಕಾಲು ನೋಡು ಫೂಸಿ. ಹೇಗೆ ಮರೆತೆ ನಾನು?"

"ಇನ್ನೊಂದ್ಸಲ!" ಎಂದರು ಬಾಗಿಲಲ್ಲಿದ್ದ ಗಂಡಸರು. ಈಗ ಯಾರೂ ಹೊರಗೆ ಹೋಗಿರಲಿಲ್ಲ.

ಕಿಟಿಯೋನೆ ಮತ್ತೆ ನಡೆದ. ಮತ್ತೆ ಕಲ್ಲಂಗಡಿ ಒರೆಸಿದ. ಮತ್ತೊಮ್ಮೆ, ಮಗದೊಮ್ಮೆ. ಗೂಢಚಾರರು ಲೋಕವನ್ನು ಉಳಿಸಿದರೋ ಇಲ್ಲವೋ ಆ ಊರಿನವರಿಗೆ ಇಂದಿಗೂ ಗೊತ್ತಿಲ್ಲ.

ಏಳನೆಯ ಸಲ ಮುಗಿದಾಗ ಫೂಸಿ ಬಗ್ಗಿ ಹೇಳಿದಳು. "ಅತ್ತಿಗೆ, ಪುಸ್ತಕ ಹಿಡಿದು ಹಿಡಿದು ತೋಳು ಬಿದ್ದುಹೋಗ್ತಿದೆ ಅಂತಾರೆ ನಿಮ್ಮ ತಮ್ಮ."

ಲೋಸೆಲಿ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಇನ್ನೊಂದು ಕೈ ಇದೆಯಲ್ಲ ಅಂತ ಹೇಳು."