ಹನ್ನೊಂದನೇ ತಾಯಿ

ಹೆಸರು ಎಲ್ಲೂ ಬರೆಯುವುದಿಲ್ಲ ಎಂದು ಆ ಸಂಶೋಧಕಿ ಹದಿನೆಂಟು ತಾಯಂದಿರಿಗೆ ಮಾತು ಕೊಟ್ಟಿದ್ದಳು. ಕೊಟ್ಟ ಮಾತು ಉಳಿಸಿಕೊಂಡಳು ಕೂಡ. ಹಾಳಾದದ್ದೇ ಅಲ್ಲಿ.

ಹುಡುಗರು ಬಂದೂಕಿನ ಗುಂಪಿಗೆ ಯಾಕೆ ಸೇರುತ್ತಾರೆ ಎಂಬುದು ಅವಳ ಅಧ್ಯಯನ. ಹನ್ನೊಂದನೇ ತಾಯಿ ಮನೆಯಲ್ಲೇ ಕೂತು ಕಾರ್ಖಾನೆಯ ಅಂಗಿಗಳಿಗೆ ಗುಂಡಿ ಹೊಲಿಯುವವಳು, ಓದುಬರಹ ಇಲ್ಲದವಳು. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ಮೇಲೂ ಎರಡು ತಿಂಗಳು ತುಟಿ ಪಿಟಕ್ಕೆನ್ನಲಿಲ್ಲ. ಮೂರನೇ ತಿಂಗಳು ಹೇಳಿದಳು ನೋಡಿ, ಕಟ್ಟೆ ಒಡೆದ ಹಾಗೆ. ಮಗ ಗುಂಪು ಸೇರಿದ್ದು ನಿಜ, ಒಂದು ಗುಂಡನ್ನೂ ಹಾರಿಸದೆ ಓಡಿಬಂದದ್ದೂ ನಿಜ. ಈಗ ಗುಂಪಿನವರೂ ಹುಡುಕುತ್ತಾರೆ, ಪೊಲೀಸರೂ ಹುಡುಕುತ್ತಾರೆ. ಅತ್ತ ದರಿ, ಇತ್ತ ಪುಲಿ. ಬೆನ್ನಿನ ಗಾಯಕ್ಕೆ ಮುಲಾಮು ಹಚ್ಚಿಸಿಕೊಳ್ಳಲು ತಿಂಗಳ ಮೊದಲ ಭಾನುವಾರ ಮಾತ್ರ ಅಮ್ಮನ ಹತ್ತಿರ ಬರುತ್ತಾನೆ.

"ಅಲ್ಲಿಗೆ ಅವನ ಕೈ ಎಟಕಲ್ಲ ಮೇಡಂ," ಎಂದಿದ್ದಳು.

ಸಂಶೋಧಕಿ ಪತ್ರಿಕೆಗೆ ಕಳಿಸಿದ ಲೇಖನ ವಾಪಸು ಬಂತು. ಅಂಕಿಅಂಶ ಸರಿಯಾಗಿವೆ, ಜೀವವಿಲ್ಲ ಎಂದು ಪರಿಶೀಲಕರ ಷರಾ. ಇವಳಿಗೂ ನೌಕರಿ ಕಾಯಂ ಆಗಬೇಕಿತ್ತು. ಜೀವ ತುಂಬಿದಳು, ಮಹಾತಾಯಿ! ಹೆಸರಿನ ಜಾಗದಲ್ಲಿ ಹನ್ನೊಂದನೇ ತಾಯಿ ಎಂದಷ್ಟೇ ಬರೆದಳು, ಬೀದಿ ಬದಲಿಸಿದಳು. ಗುಂಡಿ, ಭಾನುವಾರ, ಮುಲಾಮು ಮಾತ್ರ ಇದ್ದಲ್ಲೇ ಇದ್ದವು. ಅವೇನು ಹೆಸರುಗಳಲ್ಲವಲ್ಲ. ಗುಂಡಿ ಹೊಲಿದು ಬದುಕುವ, ಮಗ ಮನೆ ಬಿಟ್ಟುಹೋದ ಹೆಂಗಸರು ಒಂದು ಊರಿನಲ್ಲಿ ಎಷ್ಟು ಮಂದಿ ಇದ್ದಾರು ಎಂದು ಅಷ್ಟು ಓದಿದವಳಿಗೆ ಹೊಳೆಯಲಿಲ್ಲ.

ಲೇಖನ ಅಚ್ಚಾಯಿತು, ನೌಕರಿ ಕಾಯಮಾಯಿತು. ಹೋದ ವಾರ ವಿಚಾರ ಸಂಕಿರಣದಲ್ಲಿ ಭದ್ರತಾ ಇಲಾಖೆಯ ಅಧಿಕಾರಿಯೊಬ್ಬ ಚಹಾದ ಲೋಟ ಹಿಡಿದು ಹತ್ತಿರ ಬಂದ. ಬಹಳ ವಿನಯದ ಮನುಷ್ಯ.

"ನಿಮ್ಮ ಲೇಖನ ಪೂರ್ತಿ ಓದಿದೆ ಮೇಡಂ. ಆ ಹನ್ನೊಂದನೇ ತಾಯಿ ನಮಗೆ ತುಂಬ ಉಪಯೋಗಕ್ಕೆ ಬಂದ್ರು," ಎಂದ.

ಅವಳು ಅಲ್ಲಿಂದ ಸೀದಾ ಮನೆಗೆ ಹೊರಟುಬಂದಳು. ಅಂದಿನಿಂದ ಅನ್ನ ಸೇರಲಿಲ್ಲ.

ಇವತ್ತು ಬೆಳಿಗ್ಗೆ ಆ ತಾಯಿಯೇ ವಿಶ್ವವಿದ್ಯಾಲಯದ ವಿಭಾಗದ ಬಾಗಿಲಲ್ಲಿ ನಿಂತಿದ್ದಳು. ಸಿಕ್ಕಸಿಕ್ಕವರನ್ನು ಕೇಳಿಕೊಂಡು ಮೂರು ಮಹಡಿ ಹತ್ತಿ ಬಂದಿದ್ದಳು. ಕುರ್ಚಿಯ ಅಂಚಿಗೆ ಕೂತು, ಮೂರು ವಾರದ ಹಿಂದಿನ ಭಾನುವಾರ ನಡೆದದ್ದನ್ನು ಹೇಳಿದಳು. ಹಿತ್ತಲಿನಿಂದ ನಾಲ್ವರು ನುಗ್ಗಿದರಂತೆ. ಮಗ ಅಂಗಿಯನ್ನೂ ಹಾಕಿಕೊಂಡಿರಲಿಲ್ಲವಂತೆ, ಹಾಗೇ ಎಳೆದುಕೊಂಡು ಹೋದರಂತೆ. ಈಗ ಯಾವ ಠಾಣೆಗೆ ಹೋದರೂ, ಅಂಥವನು ನಮ್ಮಲ್ಲಿಲ್ಲ ಎನ್ನುತ್ತಾರಂತೆ. ನ್ಯಾಯಾಲಯಕ್ಕೆ ಒಂದು ಅರ್ಜಿ ಬರೆದುಕೊಡಬೇಕು. ಓದಿದವರು ಎಂದು ಅವಳಿಗೆ ಗೊತ್ತಿರುವುದು ಮೇಡಂ ಒಬ್ಬರೇ.

ಪೊಲೀಸರಿಗೆ ಸುಳಿವು ಕೊಟ್ಟವರು ಯಾರು ಎಂಬುದೂ ಅವಳಿಗೆ ಗೊತ್ತಾಗಿತ್ತು. ಪಕ್ಕದ ಮನೆಯ ಅಕ್ಕ. ಗೋಡೆಗೆ ಕಿವಿಗೊಟ್ಟಿರಬೇಕು. ಇಪ್ಪತ್ತು ವರ್ಷದ ಒಡನಾಟ, ಹೆರಿಗೆಗೆ ಆದವಳು, ಕಾಯಿಲೆಗೆ ಆದವಳು. ಅವಳ ಬಾಗಿಲಿಗೇ ಹೋಗಿ, ನಿನ್ನ ಮನೆ ಹಾಳಾಗ ಎಂದು ಶಪಿಸಿ ಬಂದಿದ್ದಳು. ಆ ಅಕ್ಕ ಅಳುತ್ತಾ ಕದ ಹಾಕಿಕೊಂಡವಳು ಇನ್ನೂ ಹೊರಗೆ ಬಂದಿಲ್ಲ.

ನಾನೇ ಎಂಬ ಮಾತು ಸಂಶೋಧಕಿಯ ನಾಲಗೆಯ ತುದಿಗೆ ಬಂತು. ಹೇಳಿಬಿಟ್ಟರೆ ಇವಳು ಎದ್ದುಹೋಗುತ್ತಾಳೆ, ಆಮೇಲೆ ಅರ್ಜಿ ಬರೆಯುವವರು ಯಾರು? ಕಳ್ಳನಿಗೊಂದು ಪಿಳ್ಳೆ ನೆವ. ನುಂಗಿಕೊಂಡು ಬರೆಯತೊಡಗಿದಳು. ತನ್ನ ಮೇಲೆ ತನಗೇ ಅಸಹ್ಯವಾಗುತ್ತಿತ್ತು, ಆದರೂ ಕೈ ನಿಲ್ಲಲಿಲ್ಲ.

ಬರೆದು ಮುಗಿಸಿ ಮೇಜಿನ ಖಾನೆಯಿಂದ, ಒಪ್ಪಿಗೆ ಪತ್ರಕ್ಕೆ ಬಳಸಿದ್ದ ಅದೇ ಹಳೆಯ ಶಾಯಿ ಡಬ್ಬಿ ತೆಗೆದಳು. ತಾಯಿ ಹೆಬ್ಬೆಟ್ಟು ಒತ್ತಿದಳು.

"ಇದ್ರಲ್ಲೂ ನನ್ನ ಹೆಸರು ಇರಲ್ವಾ ಮೇಡಂ?"

"ಇದ್ರಲ್ಲಿ ಇರುತ್ತೆ."

"ಅವತ್ತು ಹೆಸರು ಬೇಡ ಅಂದ್ರಲ್ಲ, ಒಳ್ಳೇದೇ ಆಯ್ತು," ಎಂದಳು ತಾಯಿ, ಬೆರಳನ್ನು ಚೀಲಕ್ಕೆ ಒರೆಸಿಕೊಳ್ಳುತ್ತಾ. "ಇಲ್ದಿದ್ರೆ ನನ್ನ ಪಾಪಿ ಮನಸ್ಸು ನಿಮ್ಮ ಮೇಲೂ ಅನುಮಾನ ಪಡ್ತಿತ್ತು."