ಕನ್ನಡಿಯ ಹೊಳೆ

"ಗದ್ದ ಒಂಚೂರ ಎತ್ತರಿ, ಕಾಮಣ್ಣಾರ," ಎಂದ ಅಥಣಿಯ ಫೋಟೊದ ಶ್ರೀಪಾಲ, ಕ್ಯಾಮರಾದಿಂದ ಕಣ್ಣು ತೆಗೆಯದೆ.

ಕಾಮಣ್ಣ ಅಣ್ಣನ ಗದ್ದ ಎತ್ತಿದ. ಕೈ ಬಿಟ್ಟೊಡನೆ ಅದು ಮತ್ತೆ ಎದೆಗೆ ಬಿತ್ತು. ಭರಮಣ್ಣನಿಗೆ ಹೊಸ ರುಮಾಲು ಸುತ್ತಿ, ಹಣೆ ತುಂಬ ವಿಭೂತಿ ಬಳಿದು, ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಬದುಕಿದ್ದಾಗ ಫೋಟೊ ತೆಗೆಸಿಕೊಳ್ಳದವರಿಗೆ ಸತ್ತ ಮೇಲಾದರೂ ಒಂದು ತೆಗೆಸಿ, ಕಟ್ಟು ಹಾಕಿಸಿ, ಗೋಡೆಗೆ ತೂಗುಹಾಕುವುದು ಊರಿನ ರೂಢಿ. ಎಷ್ಟೋ ಮನೆಗಳಲ್ಲಿ ಹಿರಿಯರು ಕಣ್ಣು ಮುಚ್ಚಿಕೊಂಡೇ ಮೊಮ್ಮಕ್ಕಳನ್ನು ಕಾಯುತ್ತಿದ್ದರು.

ಗಂಡನ ಪಕ್ಕದಲ್ಲಿ ಕೂತಿದ್ದ ಕೆಂಪವ್ವ ಎದ್ದು ಕ್ಯಾಮರಾಕ್ಕೆ ಅಡ್ಡ ನಿಂತಳು.

"ಬ್ಯಾಡ. ಕಣ್ಣ ಮುಚ್ಚಿದ ಫೋಟೊ ನನಗ ಬ್ಯಾಡ. ದಿನಾ ಅದನ್ನ ನೋಡಿ ನಾ ಹೆಂಗ ಬದುಕಲಿ?"

"ವೈನಿ, ಮತ್ಯಾವದು ಐತಿ ಹೇಳ್ರಿ?" ಎಂದ ಕಾಮಣ್ಣ. "ಅಣ್ಣ ತಗದಿದ್ದೆಲ್ಲಾ ಆ ಗಾಡೀದ. ತನ್ನದೊಂದರ ತಗಿಸಿಕೊಂಡಾನೇನು?"

"ಖರೇ ಐತ್ರಿ," ಎಂದ ಶ್ರೀಪಾಲ. "ಅವರ ರೀಲ ಎಲ್ಲಾ ನಾನ ತೊಳದೀನಿ. ಇಂಜಿನ್ನ ಮುಂದಿಂದ, ಹಿಂದಿಂದ, ಬಾಜೂದಿಂದ. ಮನಷ್ಯಾ ಒಬ್ಬನೂ ಇಲ್ಲ."

ಸತ್ತವನ ಅಕ್ಕ ತುಳಸವ್ವ ಮೂಗು ಒರೆಸಿಕೊಂಡು ಗದರಿದಳು. "ಬಿಸಲ ಏರಾಕತ್ತೈತಿ. ಈಗ ತಗಸವಾ ತಾಯಿ. ನಾಳೆ ಮಣ್ಣಾಗಿಂದ ಎಬ್ಬಿಸಿ ತಗಸ್ತಿಯೇನ?"

ಕೆಂಪವ್ವ ಅಲುಗಲಿಲ್ಲ.

*

ಅವರ ಊರು ತೆಲಸಂಗಕ್ಕೆ ರೈಲಿಲ್ಲ. ಮದುವೆಯಾದ ಹೊಸದರಲ್ಲಿ ಎಮ್ಮೆ ತರಲು ಕುಡಚಿಗೆ ಹೋದ ಭರಮಣ್ಣ, ಕೃಷ್ಣೆಯ ಸೇತುವೆ ಮೇಲೆ ರೈಲುಗಾಡಿ ಹಾಯುವುದನ್ನು ನೋಡುತ್ತ ನಿಂತು, ಎಮ್ಮೆ ಬಿಟ್ಟು ಬರಿಗೈಯಲ್ಲಿ ಬಂದ. ಅಲ್ಲಿಂದ ಮುಂದೆ ಹೊಟ್ಟಿನ ಖೋಲಿ ಗಾಡಿ ಖೋಲಿಯಾಯಿತು. ಮುರುಕು ಛತ್ರಿಗಳ ಕಡ್ಡಿ ಹಳಿಯಾದವು. ಎಣ್ಣೆ ಡಬ್ಬಿಯ ತಗಡು ಇಂಜಿನ್ನಾಯಿತು, ಅದರ ಕೊಳವೆಗೆ ಸಿಕ್ಕಿಸಿದ ಹತ್ತಿ ಹೊಗೆಯಾಯಿತು. ದಾರ ಎಳೆದರೆ ಗಾಡಿ ಹೊರಡುತ್ತಿತ್ತು. ಹಾಲು ಹಿಂಡಿ, ಡೇರಿಗೆ ಹಾಕಿ ಬಂದ ಮೇಲೆ ಭರಮಣ್ಣ ಹಳೇ ಕ್ಯಾಮರಾ ಹಿಡಿದು ಅದರ ಮುಂದೆ ಅಂಗಾತ, ಬೋರಲು ಬೀಳುತ್ತಿದ್ದ.

ಎಂಬತ್ತೊಂಬತ್ತರ ಬೇಸಿಗೆಯಲ್ಲಿ ಖೋಲಿಯೊಳಗಿನ ಸೇತುವೆ ಮುಗಿಯಿತು. ಸೇತುವೆ ಅಂದ ಮೇಲೆ ಹೊಳೆ ಬೇಡವೇ?

"ನನ್ನ ತವರಮನಿ ಕನ್ನಡಿ ಎಲ್ಲೈತ್ರಿ?" ಎಂದು ಕೆಂಪವ್ವ ಮನೆಯೆಲ್ಲ ಹುಡುಕಿದಳು.

"ಹೊಳಿ ಆಗೈತಿ," ಎಂದ ಭರಮಣ್ಣ, ತಲೆ ಎತ್ತದೆ.

ಆ ವಾರವಿಡೀ ಅವಳು ರೊಟ್ಟಿ ಹಾಕಿದಳು, ಮಾತು ಹಾಕಲಿಲ್ಲ. ಕುಂಕುಮ ಹಚ್ಚಿಕೊಳ್ಳಬೇಕೆಂದರೆ ಗಾಡಿ ಖೋಲಿಗೆ ಹೋಗಿ ಸೇತುವೆ ಪಕ್ಕ ಬಗ್ಗಬೇಕು. ಅವಳು ಬಂದಳೆಂದರೆ ಭರಮಣ್ಣ ದಾರ ಬಿಗಿಹಿಡಿದು, ಗಾಡಿಯನ್ನು ಸೇತುವೆಯ ಈಚೆಗೇ ನಿಲ್ಲಿಸಿ ಕಾಯುತ್ತಿದ್ದ. ಒಂದು ದಿನ ಅವಳಿಗೆ ನಗು ಬಂದುಬಿಟ್ಟಿತು. ಸಿಟ್ಟು ಅಲ್ಲಿಗೆ ಮುಗಿಯಿತು.

ಒಮ್ಮೆ ಸೇತುವೆಯನ್ನು ಮೇಲಿನಿಂದ ತೆಗೆಯಬೇಕೆಂದು ಕ್ಯಾಮರಾವನ್ನು ಕೆಳಮುಖ ಹಿಡಿದು, ಪಕ್ಕದಲ್ಲಿ ತಲೆ ಚಾಚಿ ಗುಂಡಿ ಒತ್ತಿದ. ಫೋಟೊ ಬಂದಾಗ ಹಣೆ ಬಡಿದುಕೊಂಡ.

"ಕೆಟ್ಟ ಹೋತು. ಹೊಳಿಯಾಗ ನನ್ನ ಮಾರಿ ಬಿದ್ದೈತಿ. ಒಲಿಗೆ ಹಾಕ ಇದನ್ನ."

ಕೆಂಪವ್ವ ಅದನ್ನು ತೆಗೆದುಕೊಂಡು ಒಳಗೆ ಹೋದಳು.

*

"ಕಾಮಣ್ಣಾ, ನನ್ನ ಟ್ರಂಕ್ ಹೊರಗ ತರ್ರಿ," ಎಂದಳು ಕೆಂಪವ್ವ.

ಇಬ್ಬರು ಹಿಡಿದು ಅದನ್ನು ಹೆಣದ ಮುಂದೆಯೇ ದಾಟಿಸಿ ಅಂಗಳದ ಬಿಸಿಲಿಗೆ ಇಟ್ಟರು. ಭಜನೆಯವರು ತಾಳ ನಿಲ್ಲಿಸಿ ನೋಡಿದರು. ಮುಚ್ಚಳ ತೆರೆದರೆ ಅದರ ಒಳಮೈಗೆ ಗಂಜಿ ಹಚ್ಚಿ ಅಂಟಿಸಿದ ಫೋಟೊ. ಸೇತುವೆ, ಅದರ ಮೇಲೆ ಗಾಡಿ, ಕೆಳಗೆ ಹೊಳೆ. ಹೊಳೆಯ ತುಂಬ ಭರಮಣ್ಣ. ಉಸಿರು ಬಿಗಿಹಿಡಿದು, ಎರಡೂ ಕಣ್ಣು ಅಗಲಿಸಿ, ಮೀಸೆಯೊಳಗೇ ನಗುತ್ತಿದ್ದ.

ಶ್ರೀಪಾಲ ಬಗ್ಗಿ ನೋಡಿದ. "ಇದನ್ನೂ ನಾನ ತೊಳದೀನಲ್ರಿ. ಬರೇ ಗಾಡಿ ನೋಡಿದ್ದೆ. ಹೊಳಿ ನೋಡಿರಲಿಲ್ಲ."

ಕೀಳಲು ಹೋದರೆ ಹರಿಯುವಂತಿತ್ತು. ಕ್ಯಾಮರಾವನ್ನು ಟ್ರಂಕಿನ ಮುಂದೆಯೇ ತಂದಿಟ್ಟ. "ಚಿಂತಿ ಬಿಡ್ರಿ. ಗಾಡಿ, ಬ್ರಿಜ್ ಕತ್ತರಿಸಿ ಮಾರಿ ಅಷ್ಟ ದೊಡ್ಡದ ಮಾಡಿಕೊಡ್ತೀನಿ."

"ಏನೂ ಕತ್ತರಿಸಬ್ಯಾಡ್ರಿ."

"ಹಣಿ ಮ್ಯಾಲ ಗಾಡಿ ಹಾದೈತಿ ವೈನಿ," ಎಂದ ಕಾಮಣ್ಣ. "ಮಂದಿ ನಗ್ತಾರ."

"ನಗಲಿ. ನಾನೂ ನಕ್ಕೀನಿ. ಗಾಡಿ ಇಲ್ದ ಇವರನ್ನ ಯಾರ ಗುರ್ತ ಹಿಡೀತಾರ?"

ಕಾಮಣ್ಣ ಮತ್ತೊಮ್ಮೆ ಫೋಟೊದತ್ತ ನೋಡಿದ. ಅಣ್ಣ ಇನ್ನಿಲ್ಲವೆಂದು ಅವನಿಗೆ ಆಗಷ್ಟೇ ಗೊತ್ತಾದಂತಾಗಿ ಅಳು ಒತ್ತರಿಸಿ ಬಂತು. ಮುಚ್ಚಳದ ಮೇಲೆ ನೆರಳು ಬೀಳದಂತೆ ಪಕ್ಕಕ್ಕೆ ಸರಿದು ನಿಂತ.

ಮಣ್ಣು ಮುಗಿಸಿ ಎಲ್ಲರೂ ಬಂದರು. ಸ್ನಾನವಾದ ಮೇಲೆ ಕೆಂಪವ್ವ, ಯಾರೂ ಹೇಳದಿದ್ದರೂ, ಗಾಡಿ ಖೋಲಿಗೆ ಹೋಗಿ ಎಂದಿನಂತೆ ಸೇತುವೆಯ ಪಕ್ಕ ಬಗ್ಗಿದಳು. ಗಾಡಿ ಸೇತುವೆಯ ಈಚೆಗೇ ನಿಂತಿತ್ತು. ನಿನ್ನೆ ಬೆಳಿಗ್ಗೆ ಭರಮಣ್ಣ ಅವಳಿಗಾಗಿ ನಿಲ್ಲಿಸಿದ್ದು. ಹೊಳೆಯಲ್ಲಿ ತನ್ನ ಬರಿ ಹಣೆ ನೋಡಿಕೊಂಡಳು. ಸೆರಗು ಸರಿಮಾಡಿಕೊಂಡಳು. ಆಮೇಲೆ ದಾರ ಹಿಡಿದು, ಮೆಲ್ಲಗೆ, ಗಾಡಿಯನ್ನು ಆಚೆ ದಡಕ್ಕೆ ದಾಟಿಸಿದಳು.