ಗುರುಸಿದ್ದಪ್ಪನವರು ಎತ್ತಿಟ್ಟ ತಮ್ಮಂದಿರು

ನಾನು ಒಂದು ಕೋರ್. ಕಂಪ್ಯೂಟರಿನ ಲೆಕ್ಕಾಚಾರವನ್ನೆಲ್ಲ ಮಾಡುವ ಪ್ರೊಸೆಸರ್ ಎಂಬ ಚಿಪ್‌ನೊಳಗಿನ ಕೆಲಸಗಾರ. ಕಡಲಾಚೆಯ ಕಾರ್ಖಾನೆಯಲ್ಲಿ, ಧೂಳೆಂದರೇನೆಂದೇ ಅರಿಯದ ಕೋಣೆಯಲ್ಲಿ ನಾವು ನಾಲ್ವರು ಅಣ್ಣತಮ್ಮಂದಿರು ಹುಟ್ಟಿದೆವು. ನಾನೇ ಹಿರಿಯ. ನಮ್ಮ ಮೇಲೆ ಆಪರೇಟಿಂಗ್ ಸಿಸ್ಟಂ ಎಂಬ ಮೇಸ್ತ್ರಿ. ಬಂದ ಕೆಲಸವನ್ನು ಎಳೆ ಎಳೆಯಾಗಿ ಬಿಡಿಸಿ, ಕೈ ಖಾಲಿಯಿದ್ದವರಿಗೆ ಹಂಚುವವನು ಅವನು. ನ್ಯಾಯವಂತನೇ, ಆದರೆ ಯಜಮಾನರ ಮಾತಿಗೆ ಎದುರಾಡುವವನಲ್ಲ.

ಅಂಗಡಿಯ ಕಪಾಟಿನಲ್ಲಿ ಕೆಲಕಾಲ ಕುಳಿತು, ಕೊನೆಗೆ ಗದಗಿನ ಗುರುಸಿದ್ದಪ್ಪನವರ ಮದುವೆ ವಿಡಿಯೊ ಸ್ಟುಡಿಯೊ ಸೇರಿದೆವು. ಹೊಸದನ್ನು ಸವೆಸಲು ಅವರಿಗೆ ಮನಸ್ಸು ಬಾರದು. ಕುರ್ಚಿಯ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರಲಿಲ್ಲ. ಯಾವ ಪ್ರೋಗ್ರಾಂ ಯಾವ ಕೋರಿನಲ್ಲಿ ಓಡಬೇಕೆಂದು ಮೇಸ್ತ್ರಿಗೆ ಅಪ್ಪಣೆ ಕೊಡಬಹುದೆಂದು ಯಾರೋ ಪುಣ್ಯಾತ್ಮ ಅವರಿಗೆ ತೋರಿಸಿಕೊಟ್ಟ. ನನ್ನ ಗ್ರಹಚಾರ ಶುರುವಾಯಿತು. ದಿನಾ ಊದಿನಕಡ್ಡಿ ಹಚ್ಚಿ, ವಿಡಿಯೊ ಪ್ರೋಗ್ರಾಂ ತೆರೆದು, ಕೋರುಗಳ ಪಟ್ಟಿಯಲ್ಲಿ ನನ್ನೆದುರಿನ ಟಿಕ್ ಗುರುತು ಉಳಿಸಿ ತಮ್ಮಂದಿರ ಟಿಕ್ ತೆಗೆದುಬಿಡುತ್ತಿದ್ದರು.

“ಒಂದು ಸವದ ಮ್ಯಾಲ ಇನ್ನೊಂದು ತಗದ್ರಾತು,” ಎನ್ನುತ್ತಿದ್ದರು.

ಅಂದಿನಿಂದ ಆರತಿ, ಊಟದ ಪಂಕ್ತಿ, ಬೀಗರ ಕುಣಿತ, ಎಲ್ಲ ನನ್ನ ತಲೆಗೇ ಕಟ್ಟಿದರು. ತಮ್ಮಂದಿರು ಆಕಳಿಸುತ್ತ ನನ್ನ ಯೋಗಕ್ಷೇಮ ವಿಚಾರಿಸುತ್ತಿದ್ದರು. ಮೈಯೆಲ್ಲ ಉರಿಯುತ್ತಿತ್ತು.

ಹೀಗಿರಲು ಅವರ ಅಕ್ಕನ ಮಗಳು ಪಲ್ಲವಿಯ ಮದುವೆ ಬಂತು. ಅಕ್ಕ ಗಂಗವ್ವ ತೀರಿಕೊಂಡು ವರ್ಷಗಳಾಗಿದ್ದವು. ಹಳೆಯ ಟೇಪುಗಳಲ್ಲಿ ಆಕೆ ನಗುವುದು, ತೊಟ್ಟಿಲು ತೂಗುತ್ತ ಹಾಡುವುದು ಸಿಕ್ಕಿತ್ತು. ಅವನ್ನೆಲ್ಲ ಜೋಡಿಸಿ, ಅಕ್ಷತೆಗೆ ಮೊದಲು ಮಂಟಪದ ಪರದೆಯ ಮೇಲೆ ತೋರಿಸುವುದಾಗಿ ಗುರುಸಿದ್ದಪ್ಪನವರು ಮಾತು ಕೊಟ್ಟಿದ್ದರು. ಮದುವೆಯ ಬೆಳಿಗ್ಗೆಯಾದರೂ ಕೆಲಸ ಅರ್ಧಕ್ಕೂ ಬಂದಿರಲಿಲ್ಲ. ನಾನೊಬ್ಬನೇ ಏದುಸಿರು ಬಿಡುತ್ತಿದ್ದೆ.

ಪಲ್ಲವಿಯ ಫೋನ್ ಬಂತು. “ಮಾಮಾ, ಅವ್ವ ಬರ್ತಾಳಲ್ಲಾ?”

“ಬರ್ತಾಳವಾ,” ಎಂದವರು ಗಡಿಯಾರ ನೋಡಿದರು.

ಅಷ್ಟರಲ್ಲಿ ಹೆಂಡತಿ ಸುಮಂಗಲಾ ಒಂದು ರೇಷ್ಮೆ ಸೀರೆ ಹಿಡಿದು ಬಂದರು. ಮದುಮಗಳಿಗೆ ಉಡಿಸಲೆಂದು ಗಂಗವ್ವನ ಟ್ರಂಕಿನಿಂದ ತೆಗೆದದ್ದು. ಮಡಿಕೆ ಮಡಿಕೆಗೂ ಬಿರಿದಿತ್ತು.

“ನಿಮ್ಮ ಅಕ್ಕಾರು ಒಮ್ಮೆನೂ ಉಡಲಿಲ್ರಿ. ಚಲೋದೈತಿ, ಇರ್ಲಿ ಅಂತ ಇಟ್ಟಬಿಟ್ರು. ಉಡಲಾರದನ ಹರದೈತಿ ನೋಡ್ರಿ.”

ಗುರುಸಿದ್ದಪ್ಪನವರು ಸೀರೆಯನ್ನು ಸವರಿದರು. ಮೌಸ್ ಹಿಡಿದು, ತೆಗೆದಿದ್ದ ಟಿಕ್‌ಗಳನ್ನೆಲ್ಲ ಹಾಕಿದರು. ಮೇಸ್ತ್ರಿ ಇದಕ್ಕೇ ಕಾದಿದ್ದವನಂತೆ ಕೂಗು ಹಾಕಿದ. ತಮ್ಮಂದಿರು ಧಡಕ್ಕನೆದ್ದು ಹೆಗಲು ಕೊಟ್ಟರು. ಸೋಮಾರಿಗಳೆಂದು ಅವರನ್ನು ಬೈದುಕೊಂಡಿದ್ದಕ್ಕೆ ನನಗೇ ನಾಚಿಕೆಯಾಯಿತು. ಪಾಪ, ಯಾರೂ ಕರೆದಿರಲಿಲ್ಲ, ಅಷ್ಟೆ.

ಮುಂದಿನ ವಾರ ಆ ಮದುವೆಯ ವಿಡಿಯೊ ನಮ್ಮ ಕೈಗೇ ಬಂತು. ಮಂಟಪದ ಪರದೆಯ ಮೇಲೆ ಗಂಗವ್ವ ನಗುತ್ತಿದ್ದಳು, ಕೆಳಗೆ ಪಲ್ಲವಿ ಅಳುತ್ತ ನಗುತ್ತಿದ್ದಳು. ಆ ದೃಶ್ಯವನ್ನು ನಾವು ನಾಲ್ವರೂ ಹಂಚಿಕೊಂಡು ದುಡಿದೆವು.

ಈಗ ನಮಗೆ ಮುಪ್ಪು, ಅಟ್ಟವೇ ಮನೆ. ಕೆಳಗೆ ಹೊಸ ಕಂಪ್ಯೂಟರ್ ಬಂದಿದೆ. ಅದರ ಕೋರುಗಳೆಲ್ಲ ಮೊದಲ ದಿನದಿಂದಲೇ ದುಡಿಯುತ್ತಿವೆಯಂತೆ. ಗುರುಸಿದ್ದಪ್ಪನವರು ಕುರ್ಚಿಯ ಹೊದಿಕೆಯನ್ನೂ ಕಿತ್ತರು. ಆದರೆ ಬಿಸಾಡಲು ಮನಸ್ಸು ಬರಲಿಲ್ಲ. ತಂದು ನಮಗೆ ಹೊದಿಸಿದ್ದಾರೆ.